ಸೋತಿದ್ದು ಯಾರಿಗೆ ಅಂತಲೂ ಬರೆಯಬೇಕು

2009ರಲ್ಲಿ ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ಕಾಲೇಜಿನ ಹುಡುಗಿಯರ ಕಬಡ್ಡಿ ತಂಡದಲ್ಲಿ ಲೆಫ್ಟ್ ಕಾರ್ನರ್ ಆಡುತ್ತಿದ್ದೆ. ಆ ವರ್ಷದ ಟೂರ್ನಿಯಲ್ಲಿ ಹುಡುಗಿಯರ ವಿಭಾಗಕ್ಕೆ ಬಂದಿದ್ದು ನಾಲ್ಕೇ ತಂಡ. ಹಾಗಾಗಿ ಮೊದಲ ಮ್ಯಾಚೇ ಸೆಮಿಫೈನಲ್. ಚೀಟಿ ಎತ್ತಿದಾಗ ನಮಗೆ ಬಂದದ್ದು ಎಲ್ಲರಿಗಿಂತ ಗಟ್ಟಿ ತಂಡ. 24–26ರಲ್ಲಿ ಸೋತೆವು. ಕೊನೆಯ ರೈಡಿನಲ್ಲಿ ಎದುರು ತಂಡದ ಹುಡುಗಿಯ ಕಾಲು ನನ್ನ ಕೈಗೆ ಸಿಕ್ಕಿತ್ತು, ಜಾರಿತು.

ಬೆಳಿಗ್ಗೆ ಹತ್ತೂವರೆಗೆ ನಮ್ಮ ಟೂರ್ನಿ ಮುಗಿದಿತ್ತು. ಬಸ್ಸು ಸಂಜೆಗೆ. ಮರದ ಬುಡದಲ್ಲಿ ಕೂತು ಫೈನಲ್ ನೋಡಿದೆವು. ನಮ್ಮನ್ನು ಸೋಲಿಸಿದವರು ಕಪ್ ಎತ್ತಿದರು. ಅವರ ಎದುರು ಸೋತು ರನ್ನರ್ ಅಪ್ ಆದ ತಂಡ ಯಾವುದು ಗೊತ್ತಾ? ಎರಡೇ ವಾರ ಹಿಂದೆ ಕುಮಟೆಯ ಮಣಕಿ ಮೈದಾನದಲ್ಲಿ ನಾವು ಫ್ರೆಂಡ್ಲಿ ಮ್ಯಾಚಿನಲ್ಲಿ 31–26ರಲ್ಲಿ ಸೋಲಿಸಿದ್ದ ತಂಡ! ಅವರಿಗೆ ಕಪ್ಪು, ಸರ್ಟಿಫಿಕೇಟು, ಫೋಟೋ. ನಾಲ್ಕನೇ ತಂಡ ಇನ್ನೊಂದು ಸೆಮಿಫೈನಲ್‌ನಲ್ಲಿ 11–38ರಲ್ಲಿ ಸೋತಿತ್ತು. ನೋಟಿಸ್ ಬೋರ್ಡಿನ ಹಾಳೆಯಲ್ಲಿ ಅವರೂ ನಾವೂ ಒಂದೇ ಸಾಲು.

ಇದರಲ್ಲಿ ಯಾರ ತಪ್ಪೂ ಇಲ್ಲ. ನಾಕೌಟ್ ಅಂದರೆ ಹಾಗೆಯೇ. ಆದರೆ ಆ ಹಾಳೆ ನನ್ನ ಮನಸ್ಸಿನಿಂದ ಹೋಗಲಿಲ್ಲ. ಸೋತೆವು ಅಂತ ಬರೆದರು. ಯಾರಿಗೆ ಸೋತೆವು ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನು ಅಂಕೋಲೆಯವಳು. ಈಗ ಶಿರಸಿಯಲ್ಲಿ ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ರಾಶಿ, ಚಾಲಿ, ಬೆಟ್ಟೆ ಅಂತ ಲಾಟ್‌ಗಳ ತೂಕ ಮತ್ತು ದರ ಎಕ್ಸೆಲ್‌ಗೆ ಹಾಕುವುದು, ಸಂಜೆ ಮೊತ್ತ ತಾಳೆ ನೋಡುವುದು ನನ್ನ ಕೆಲಸ. ಮೂರು ವರ್ಷದ ಹಿಂದೆ ಅಕ್ಕನ ಮಗಳು ಅಂಕೋಲೆಯಲ್ಲಿ ಡಿಗ್ರಿಗೆ ಸೇರಿದಳು. ಕಬಡ್ಡಿ ತಂಡಕ್ಕೂ ಸೇರಿದಳು. ಒಂದು ದಿನ ಫೋನ್ ಮಾಡಿದವಳು, "ಚಿಕ್ಕಿ, ಫಸ್ಟ್ ರೌಂಡಲ್ಲೇ ಹೋಯ್ತು" ಅಂದಳು. ಯಾರ ಮೇಲೆ ಅಂತ ಕೇಳಿದೆ. ಚಾಂಪಿಯನ್ ಆದವರ ಮೇಲೆ ಅಂದಳು. ಅವತ್ತು ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆರೆದು ಹೊಸ ಶೀಟ್ ಒಂದನ್ನು ಶುರು ಮಾಡಿದೆ. ನಮ್ಮ ಜಿಲ್ಲೆಯ ಕಾಲೇಜು ಹುಡುಗಿಯರ ಕಬಡ್ಡಿ ತಂಡಗಳಿಗೆ ಒಂದು ಸರಿಯಾದ ರ‍್ಯಾಂಕಿಂಗ್ ಮಾಡಬೇಕು ಅಂತ.

ಪ್ರೊ ಕಬಡ್ಡಿಯ ತರ ಅಂಕಪಟ್ಟಿ ಮಾಡಿದರೆ ಆಯಿತಲ್ಲ ಅಂತ ಮೊದಲು ಅನ್ನಿಸಿತು. ಅಲ್ಲಿ ಹಲವು ಸೀಸನ್‌ಗಳಲ್ಲಿ ಗೆದ್ದವರಿಗೆ 5 ಅಂಕ, ಟೈ ಆದರೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ 1 ಅಂಕ ಕೊಟ್ಟರು. ಚೆಂದದ ಪದ್ಧತಿ. ಆದರೆ ಅಲ್ಲಿ ಎಲ್ಲರೂ ಎಲ್ಲರ ಜೊತೆ ಆಡುತ್ತಾರೆ. ನಮ್ಮಲ್ಲಿ ಒಂದು ತಂಡ ವರ್ಷಕ್ಕೆ ಆರೇಳು ಮ್ಯಾಚ್ ಆಡಿದರೆ ಜಾಸ್ತಿ. ಕೆಲವರು ಗಟ್ಟಿ ತಂಡಗಳ ಎದುರೇ ಆಡುತ್ತಾರೆ, ಕೆಲವರು ಹೊಸ ತಂಡಗಳ ಎದುರು. ಅಂಕ ಕೂಡಿಸಿದರೆ ಪುನಃ ಅದೇ ನೋಟಿಸ್ ಬೋರ್ಡಿನ ಹಾಳೆ.

ಹುಡುಕುತ್ತಾ ಹೋದಾಗ ಅಮೆರಿಕದ ಕಾಲೇಜು ಫುಟ್‌ಬಾಲ್ ಸಿಕ್ಕಿತು. ಅವರ ಫುಟ್‌ಬಾಲ್ ಅಂದರೆ ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ದೊಡ್ಡ ದರ್ಜೆಯಲ್ಲೇ ನೂರಕ್ಕೂ ಹೆಚ್ಚು ಕಾಲೇಜುಗಳಿವೆ. ಒಂದು ತಂಡ ಒಂದು ಸೀಸನ್‌ನಲ್ಲಿ ಆಡುವುದು ಹನ್ನೆರಡರ ಆಸುಪಾಸು ಮ್ಯಾಚ್. ಅಂದಮೇಲೆ ಹೆಚ್ಚಿನ ತಂಡಗಳು ಒಂದನ್ನೊಂದು ಎದುರಿಸುವುದೇ ಇಲ್ಲ. ನಮ್ಮದೇ ಕಷ್ಟ, ದೊಡ್ಡ ಪ್ರಮಾಣದಲ್ಲಿ. 1998ರಿಂದ 2013ರ ಸೀಸನ್ ತನಕ ಅಲ್ಲಿ ಬೌಲ್ ಚಾಂಪಿಯನ್‌ಶಿಪ್ ಸೀರೀಸ್ ಅಂತ ಒಂದು ವ್ಯವಸ್ಥೆ ಇತ್ತು. ಫೈನಲ್ ಯಾರು ಆಡಬೇಕು ಅನ್ನುವುದನ್ನು ಕೋಚ್‌ಗಳು, ಪತ್ರಕರ್ತರು ಮುಂತಾದವರ ಮತ ಮತ್ತು ಕಂಪ್ಯೂಟರ್ ರ‍್ಯಾಂಕಿಂಗ್ ಎರಡನ್ನೂ ಸೇರಿಸಿ ನಿರ್ಧರಿಸುತ್ತಿದ್ದರು. ಆ ಕಂಪ್ಯೂಟರ್ ರ‍್ಯಾಂಕಿಂಗ್‌ಗಳನ್ನು ಹೆಚ್ಚಾಗಿ ಮಾಡಿದವರು ದೊಡ್ಡ ಕಂಪನಿಗಳಲ್ಲ. ಗಣಿತದ ಮೇಲೆ, ಆಟದ ಮೇಲೆ ಪ್ರೀತಿ ಇದ್ದ ಒಬ್ಬೊಬ್ಬರೇ ಮನುಷ್ಯರು. ಜೆಫ್ ಸಾಗರಿನ್, ಕೆನೆತ್ ಮ್ಯಾಸಿ, ವೆಸ್ಲಿ ಕೋಲಿ. ಇದನ್ನು ಓದಿದಾಗ ನನಗೆ ಎಷ್ಟು ಧೈರ್ಯ ಬಂತು ಅಂದರೆ, ಅವತ್ತು ರಾತ್ರಿ ಒಂದು ಗಂಟೆ ತನಕ ಮಲಗಲಿಲ್ಲ.

ನಾನು ಹಿಡಿದದ್ದು ಕೋಲಿಯವರ ದಾರಿ. ಅವರು ಖಗೋಳ ವಿಜ್ಞಾನಿ. ಆರು ಕಂಪ್ಯೂಟರ್ ಪದ್ಧತಿಗಳಲ್ಲಿ ತಮ್ಮ ಲೆಕ್ಕವನ್ನು ಪೂರ್ತಿ ಬಿಚ್ಚಿಟ್ಟವರು ಅವರೊಬ್ಬರೇ. ಯಾರು ಬೇಕಾದರೂ ಮಾಡಿ ನೋಡಬಹುದು. ಲೆಕ್ಕ ಬರೆಯುವವಳಿಗೆ ಅದಕ್ಕಿಂತ ದೊಡ್ಡ ಗುಣ ಇನ್ನೇನು ಬೇಕು?

ಅದರ ಒಳಗುಟ್ಟು ಇಷ್ಟು. ಸೀಸನ್ ಶುರುವಾಗುವಾಗ ಎಲ್ಲ ತಂಡಕ್ಕೂ ರೇಟಿಂಗ್ 0.5. ಹೋದ ವರ್ಷ ಕಪ್ ಗೆದ್ದವರಿಗೂ ಅಷ್ಟೇ, ಹೊಸದಾಗಿ ಅಂಕಣಕ್ಕೆ ಇಳಿದವರಿಗೂ ಅಷ್ಟೇ. ಆಮೇಲೆ ತಂಡದ ಗೆಲುವಿನಿಂದ ಸೋಲನ್ನು ಕಳೆದು ಅರ್ಧ ಮಾಡಬೇಕು. ಅದಕ್ಕೆ 1 ಕೂಡಿಸಬೇಕು. ಪ್ರತಿ ಮ್ಯಾಚಿನ ಎದುರಾಳಿಯ ರೇಟಿಂಗನ್ನೂ ಅದಕ್ಕೆ ಸೇರಿಸಬೇಕು. ಬಂದ ಮೊತ್ತವನ್ನು ಆಡಿದ ಮ್ಯಾಚುಗಳಿಗೆ 2 ಸೇರಿಸಿ, ಅದರಿಂದ ಭಾಗಿಸಬೇಕು. ಎಲ್ಲ ತಂಡಕ್ಕೂ ಹೀಗೆ ಮಾಡಿದರೆ ಎಲ್ಲರ ರೇಟಿಂಗೂ ಬದಲಾಗುತ್ತದೆ. ಎದುರಾಳಿಯ ರೇಟಿಂಗ್ ಬದಲಾದರೆ ನಮ್ಮದೂ ಬದಲಾಗಬೇಕಲ್ವಾ? ಹಾಗಾಗಿ ಪುನಃ ಮೊದಲಿನಿಂದ. ಪುನಃ. ಪಾಕ ಹದಕ್ಕೆ ಬಂದ ಹಾಗೆ ಸ್ವಲ್ಪ ಹೊತ್ತಿಗೆ ಅಂಕಿಗಳು ನಿಲ್ಲುತ್ತವೆ.

ಮೊಟ್ಟಮೊದಲು ನಾನು ಲೆಕ್ಕಕ್ಕೆ ಹಾಕಿದ್ದು 2009ರ ಆ ನಾಲ್ಕು ತಂಡ. ಮೊದಲ ಸುತ್ತಿನಲ್ಲಿ ನಮಗೂ ನಾಲ್ಕನೇ ತಂಡಕ್ಕೂ 0.333. ಅದೇ ನೋಟಿಸ್ ಬೋರ್ಡು. ಎರಡನೇ ಸುತ್ತಿನಲ್ಲಿ ನಮ್ಮದು 0.417ಕ್ಕೆ ಏರಿತು, ಅವರದ್ದು ಅಲ್ಲೇ ಇತ್ತು. ನಮ್ಮನ್ನು ಸೋಲಿಸಿದವರು ಅಷ್ಟರಲ್ಲಿ 0.75ಕ್ಕೆ ಹೋಗಿದ್ದರು, ಅದರ ಪಾಲು ನಮಗೂ ಬಂತು. ಕೊನೆಗೆ ಅಂಕಿಗಳು ನಿಂತಾಗ ಚಾಂಪಿಯನ್ 0.732, ರನ್ನರ್ ಅಪ್ 0.518, ನಾವು 0.411, ನಾಲ್ಕನೆಯವರು 0.339.

ಆಮೇಲೆ ಮಣಕಿ ಮೈದಾನದ ಆ ಫ್ರೆಂಡ್ಲಿ ಮ್ಯಾಚನ್ನೂ ಸೇರಿಸಿದೆ. ಒಂದೇ ಒಂದು ಸಾಲು. ಚಾಂಪಿಯನ್ 0.739. ನಾವು 0.539. ರನ್ನರ್ ಅಪ್ 0.417. ನಾಲ್ಕನೆಯವರು 0.306.

ನಾವು ಎರಡನೆಯವರು. ಅಷ್ಟು ವರ್ಷ ಆದ ಮೇಲೆ, ಶಿರಸಿಯ ಬಾಡಿಗೆ ಮನೆಯ ಅಡಿಗೆಮನೆಯಲ್ಲಿ ಕೂತು ನನ್ನ ಕಣ್ಣಲ್ಲಿ ನೀರು ಬಂತು. ನಮ್ಮ ತಂಡದ ಹಳೆಯ ಗೆಳತಿಯರಿಗೆ ಸ್ಕ್ರೀನಿನ ಫೋಟೋ ತೆಗೆದು ಕಳಿಸಿದೆ. ನಮ್ಮ ರೈಡರ್ ಈಗ ಗೋವಾದಲ್ಲಿದ್ದಾಳೆ, ಇಬ್ಬರು ಮಕ್ಕಳು. ಅವಳು ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿ "ನನಗೆ ಅವತ್ತೇ ಗೊತ್ತಿತ್ತು" ಅಂದಳು.

ಅಂಕಿಗಳನ್ನು ಕೈಯಲ್ಲಿ ಪುನಃ ಪುನಃ ಮಾಡುವುದನ್ನು ಬಿಟ್ಟು ಆಮೇಲೆ ಎಕ್ಸೆಲ್‌ನ ಮ್ಯಾಟ್ರಿಕ್ಸ್ ಫಾರ್ಮುಲಾ ಕಲಿತೆ. ಎಂಇನ್‌ವರ್ಸ್, ಎಂಮಲ್ಟ್ ಅಂತ ಎರಡು. ನನ್ನದು ಹಳೆಯ ಎಕ್ಸೆಲ್, ಅದರಲ್ಲಿ ಜಾಗ ಮೊದಲೇ ಆರಿಸಿಕೊಂಡು ಕಂಟ್ರೋಲ್, ಶಿಫ್ಟ್, ಎಂಟರ್ ಮೂರೂ ಒಟ್ಟಿಗೆ ಒತ್ತಬೇಕು. ಅದು ತಿಳಿಯುವುದಕ್ಕೇ ಎರಡು ಸಂಜೆ ಹೋಯಿತು.

ಕಷ್ಟ ಇದ್ದಿದ್ದು ಗಣಿತದಲ್ಲಿ ಅಲ್ಲ. ಸ್ಕೋರ್ ಒಟ್ಟು ಮಾಡುವುದರಲ್ಲಿ. ನಮ್ಮ ಕಡೆಯ ಕಾಲೇಜು ಮ್ಯಾಚುಗಳ ಸ್ಕೋರ್ ಪೇಪರಿನಲ್ಲಿ ಬಂದರೆ ಫೈನಲ್‌ದು ಮಾತ್ರ. ಉಳಿದದ್ದೆಲ್ಲ ಸ್ಕೋರ್‌ಶೀಟಿನ ಹಾಳೆಯಲ್ಲಿ ಇರುತ್ತದೆ, ಆಮೇಲೆ ಆ ಹಾಳೆ ಎಲ್ಲಿಗೋ ಹೋಗುತ್ತದೆ. ಕಾಲೇಜುಗಳ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್‌ಗಳಿಗೆ, ಮೇಡಂಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. "ಎಂತಕ್ಕೆ ತಂಗಿ ಇದು?" ಅಂತ ಕೇಳಿದವರು, ವಿಷಯ ಹೇಳಿದ ಮೇಲೆ ಹಳೆಯ ಫೈಲು ಹುಡುಕಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ಮಳೆಯಲ್ಲಿ ನೆಂದು ಶಾಯಿ ಹರಡಿದ ಶೀಟುಗಳು. ಅದರಲ್ಲಿ 3 ಯಾವುದು 8 ಯಾವುದು ಅಂತ ಬೆಳಕಿಗೆ ಹಿಡಿದು ನೋಡಬೇಕು. ಮೊದಲ ವರ್ಷ 14 ತಂಡ, 41 ಮ್ಯಾಚ್ ಸಿಕ್ಕವು.

ಒಂದು ಸಲ ದೊಡ್ಡ ತಪ್ಪಾಯಿತು. ಒಂದೇ ಕಾಲೇಜನ್ನು ಒಂದು ಶೀಟಿನಲ್ಲಿ ಪೂರ್ತಿ ಹೆಸರಲ್ಲಿ, ಇನ್ನೊಂದರಲ್ಲಿ ಚುಟುಕು ಹೆಸರಲ್ಲಿ ಬರೆದಿದ್ದರು. ನಾನು ಎರಡು ತಂಡ ಅಂದುಕೊಂಡೆ. ಗೆಲುವೆಲ್ಲ ಒಂದು ಕಡೆ, ಸೋಲೆಲ್ಲ ಒಂದು ಕಡೆ ಬಿದ್ದು, ಇಲ್ಲದ ತಂಡವೊಂದು ಪಟ್ಟಿಯ ತುದಿಯಲ್ಲಿ ಹೋಗಿ ಕೂತಿತು. ಆ ಕಾಲೇಜಿನ ಮೇಡಂ ಅವರೇ ನೋಡಿ ಹೇಳಿದರು. ಕೋಲಿಯವರಿಗೂ 2010ರಲ್ಲಿ ಇಂಥದ್ದೇ ಆಗಿತ್ತು. ಸಣ್ಣ ದರ್ಜೆಯ ಎರಡು ತಂಡಗಳ ಒಂದು ಮ್ಯಾಚಿನ ಫಲಿತಾಂಶ ಅವರ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ದೊಡ್ಡ ದರ್ಜೆಯ ಎಲ್.ಎಸ್.ಯು., ಬಾಯ್ಸಿ ಸ್ಟೇಟ್ ಅನ್ನುವ ಕಾಲೇಜು ತಂಡಗಳ ಜೊತೆ ಆ ಎರಡು ತಂಡ ಆ ವರ್ಷ ಆಡಿಯೇ ಇರಲಿಲ್ಲ. ಆದರೂ ಸರಿ ಮಾಡಿದಾಗ ಅಂತಿಮ ಪಟ್ಟಿಯಲ್ಲಿ 10ನೇ ಜಾಗದಲ್ಲಿದ್ದ ಎಲ್.ಎಸ್.ಯು. 11ಕ್ಕೆ ಇಳಿಯಿತು, 11ರಲ್ಲಿದ್ದ ಬಾಯ್ಸಿ ಸ್ಟೇಟ್ 10ಕ್ಕೆ ಏರಿತು. ಲೆಕ್ಕ ಬಿಚ್ಚಿಟ್ಟಿದ್ದರಿಂದಲೇ ಹೊರಗಿನವರೊಬ್ಬರು ಅದನ್ನು ಹಿಡಿಯಲು ಆಯಿತು. ಅಂದಿನಿಂದ ನಾನು ಶೀಟನ್ನು ಎಲ್ಲ ಪಿ.ಡಿ.ಗಳಿಗೂ ಫಾರ್ಮುಲಾ ಸಮೇತ ಕಳಿಸುತ್ತೇನೆ.

ಎಷ್ಟು ಅಂಕದಿಂದ ಗೆದ್ದರು ಅನ್ನುವುದನ್ನು ಯಾಕೆ ಹಿಡಿಯುವುದಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಒಂದು ತಿಂಗಳು ಅದನ್ನೂ ಮಾಡಿ ನೋಡಿದೆ. ಕಬಡ್ಡಿಯಲ್ಲಿ ಒಂದು ತಂಡ ಆಲೌಟ್ ಆದರೆ ಎದುರಿನವರಿಗೆ ಎರಡು ಅಂಕ ಹೆಚ್ಚಿಗೆ. ಸೋಲುತ್ತಿರುವ ತಂಡದ ಉಸಿರು ಹೋದ ಮೇಲೆ ಆಲೌಟ್ ಮೇಲೆ ಆಲೌಟ್ ಆಗಿ ಅಂತರ ಸುಮ್ನೆ ಬೆಳೆಯುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ಒಂದಿದೆ. ಇಪ್ಪತ್ತು ಅಂಕ ಮುಂದಿದ್ದಾಗ ಒಳ್ಳೆಯ ಕೋಚ್ ಏನು ಮಾಡುತ್ತಾರೆ? ಬೆಂಚಿನಲ್ಲಿ ಕೂತ ಮೊದಲ ವರ್ಷದ ಹುಡುಗಿಯನ್ನು ಅಂಕಣಕ್ಕೆ ಕಳಿಸುತ್ತಾರೆ. ನನ್ನ ಪಟ್ಟಿ ಅಂತರ ಎಣಿಸಲು ಶುರು ಮಾಡಿದರೆ ಆ ಹುಡುಗಿ ಬೆಂಚಿನಲ್ಲೇ ಉಳಿಯುತ್ತಾಳೆ. ಅಮೆರಿಕದಲ್ಲೂ 2002ರಿಂದ ಆ ಕಂಪ್ಯೂಟರ್ ರ‍್ಯಾಂಕಿಂಗ್‌ಗಳಲ್ಲಿ ಗೆಲುವಿನ ಅಂತರವನ್ನು ತೆಗೆದುಬಿಟ್ಟರು. ಗೆಲುವು, ಸೋಲು, ಎದುರು ಯಾರು. ನನಗೆ ಇಷ್ಟು ಸಾಕು.

ಚೆಸ್‌ನ ಈಲೋ ರೇಟಿಂಗ್ ಬಳಸಬಹುದಲ್ಲ ಅಂತ ಪರಿಚಯದ ಗಣಿತದ ಮೇಷ್ಟ್ರು ಹೇಳಿದರು. ಅದು ಒಬ್ಬ ಆಟಗಾರನ ಜೊತೆ ವರ್ಷಗಟ್ಟಲೆ ಬರುವ ಲೆಕ್ಕ. ನಮ್ಮ ತಂಡಗಳು ಹಾಗಲ್ಲ. ಮೂರು ವರ್ಷ ಆಡಿ ಡಿಗ್ರಿ ಮುಗಿಸಿ ಹೋಗುತ್ತಾರೆ. ಹೋದ ವರ್ಷ ಅಕ್ಕಂದಿರು ಗಳಿಸಿದ್ದನ್ನು ಈ ವರ್ಷದ ತಂಗಿಯರ ತಲೆಗೆ ಕಟ್ಟುವುದು ಸರಿಯಲ್ಲ ಅನ್ನಿಸಿತು. ಪ್ರತಿ ವರ್ಷ ಎಲ್ಲರೂ 0.5ರಿಂದ ಶುರು.

ಈಗ ಹೇಳುವುದು ನನ್ನ ನಿದ್ದೆ ಕೆಡಿಸಿದ ವಿಷಯ.

ಉತ್ತರ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ, ನಮ್ಮ ಜಿಲ್ಲೆ ಒಂದು ಅಂತ ಬರೆದರೂ ಇರುವುದು ಎರಡು. ಘಟ್ಟದ ಮೇಲೆ, ಘಟ್ಟದ ಕೆಳಗೆ. ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ ಒಂದು ಕಡೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಹಳಿಯಾಳ ಇನ್ನೊಂದು ಕಡೆ. ಶಿರಸಿಯಿಂದ ಕುಮಟೆಗೆ 60 ಕಿಲೋಮೀಟರ್ ಆಸುಪಾಸು, ನಡುವೆ ದೇವಿಮನೆ ಘಟ್ಟ. ಹನ್ನೆರಡು ಹುಡುಗಿಯರನ್ನು ಗಾಡಿಯಲ್ಲಿ ಕರೆದುಕೊಂಡು ಹೋಗಿ ಕತ್ತಲಾಗುವುದರೊಳಗೆ ಮನೆಗೆ ಮುಟ್ಟಿಸಬೇಕು ಅಂದರೆ ಯಾವ ಮೇಡಂ ಆದರೂ ಎರಡು ಸಲ ಯೋಚಿಸುತ್ತಾರೆ. ಹಾಗಾಗಿ ಫ್ರೆಂಡ್ಲಿಗಳೆಲ್ಲ ಹತ್ತಿರದವರ ಜೊತೆಗೇ.

ಎರಡನೇ ವರ್ಷದ ನವೆಂಬರ್. 14 ತಂಡದ ಪಟ್ಟಿ ಚೆಂದವಾಗಿ ಬಂದಿತ್ತು. ಮೊದಲ ಜಾಗ ಕರಾವಳಿಯ ತಂಡಕ್ಕೆ, ಎರಡನೆಯದು ಘಟ್ಟದ ಮೇಲಿನವರಿಗೆ. ನನಗೆ ಯಾವ ಕಾಲಂ ಕಂಡರೂ ಮೊತ್ತ ಹಾಕುವ ಅಭ್ಯಾಸ. ಘಟ್ಟದ ಕೆಳಗಿನ 8 ತಂಡದ ರೇಟಿಂಗ್ ಕೂಡಿಸಿದೆ. 4.000. ಘಟ್ಟದ ಮೇಲಿನ 6 ತಂಡದ್ದು ಕೂಡಿಸಿದೆ. 3.000.

ವಖಾರಿಯಲ್ಲಿ ಮೊತ್ತ ಇಷ್ಟು ನೀಟಾಗಿ ಬಂದರೆ ಏನೋ ಇದೆ ಅಂತಲೇ ಅರ್ಥ. 8ರ ಅರ್ಧ 4. 6ರ ಅರ್ಧ 3. ಎರಡೂ ಗುಂಪಿನ ಸರಾಸರಿ ಸರಿಯಾಗಿ 0.5. ಮ್ಯಾಚುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದೆ. ಆ ವರ್ಷ ಅಲ್ಲಿಯ ತನಕ ಮೇಲಿನ ಒಂದು ತಂಡವೂ ಕೆಳಗಿನ ಒಂದು ತಂಡದ ಜೊತೆ ಆಡಿರಲಿಲ್ಲ. ಒಂದೂ ಇಲ್ಲ.

ಅಂದರೆ ಆ ಪಟ್ಟಿ ಒಂದು ಪಟ್ಟಿಯೇ ಅಲ್ಲ. ಎರಡು ಪಟ್ಟಿಯನ್ನು ಇಸ್ಪೀಟು ಕಲಸಿದ ಹಾಗೆ ಕಲಸಿ ಇಟ್ಟಿದ್ದೆ. ಕರಾವಳಿಯವರೂ ಮೇಲಿನವರೂ ಸರಿಸಮ ಅಂತ ಲೆಕ್ಕ ತನ್ನಷ್ಟಕ್ಕೇ ಅಂದುಕೊಂಡಿತ್ತು. ಯಾರೂ ಅದನ್ನು ಆಡಿ ತೋರಿಸಿರಲಿಲ್ಲ. ಮ್ಯಾಸಿಯವರ ಪದ್ಧತಿಯಲ್ಲಿ ಹೀಗೆ ಎರಡು ತುಂಡಾದರೆ ಲೆಕ್ಕ ಬಗೆಹರಿಯುವುದೇ ಇಲ್ಲ, ಕಂಪ್ಯೂಟರ್ ನಿಂತುಬಿಡುತ್ತದೆ. ಕೋಲಿಯವರದ್ದು ಹಾಗೆ ನಿಲ್ಲುವುದಿಲ್ಲ. ಮೂರು ದಶಾಂಶದ ತನಕ ಅಂಕಿ ಕೊಡುತ್ತದೆ. ನೋಡುವವರು ನಂಬುತ್ತಾರೆ. ನಾನೂ ನಂಬಿದ್ದೆ. ಅಷ್ಟರಲ್ಲಿ ಆ ಪಟ್ಟಿ ಹನ್ನೊಂದು ಕಾಲೇಜಿಗೆ ಹೋಗಿತ್ತು. ಒಂದು ತಂಡದವರು ಜಿಲ್ಲೆಗೇ ಎರಡನೆಯವರು ನಾವು ಅಂತ ಸ್ಟೇಟಸ್ ಹಾಕಿಕೊಂಡಿದ್ದರು.

ಮರುದಿನ ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ಪಟ್ಟಿ ವಾಪಸ್ ತೆಗೆದೆ. ಎರಡು ಹಾಳೆ ಮಾಡಿ, ಮೇಲಿನದು ಬೇರೆ ಕೆಳಗಿನದು ಬೇರೆ ಅಂತ ಕಳಿಸಿದೆ.

ಡಿಸೆಂಬರ್‌ನಲ್ಲಿ ಶಿರಸಿಯ ಟೂರ್ನಿಗೆ ಕರಾವಳಿಯಿಂದ ಒಂದು ತಂಡ ಬಂತು. ಮೇಲಿನ ನಡು ದರ್ಜೆಯ ತಂಡದ ಎದುರು ಸೋತು ಹೋಯಿತು. ಆ ಒಂದು ಸಾಲು ಹಾಕಿದಾಗ ಕೆಳಗಿನ 8 ತಂಡಗಳ ಮೊತ್ತ 4ರಿಂದ ಕಾಲು ಅಂಕದಷ್ಟು ಇಳಿಯಿತು, ಮೇಲಿನವರದ್ದು ಅಷ್ಟೇ ಏರಿತು. ಘಟ್ಟ ಹತ್ತದೇ ಇದ್ದ ಏಳು ತಂಡಗಳೂ ಇಳಿದವು. ಅವತ್ತು ಆ ತಂಡದ ಮೇನ್ ರೈಡರ್‌ಗೆ ಜ್ವರ ಇತ್ತು ಅಂತ ಆಮೇಲೆ ತಿಳಿಯಿತು. ಒಬ್ಬ ಹುಡುಗಿಯ ಜ್ವರ ಇಡೀ ಕರಾವಳಿಯ ರೇಟಿಂಗನ್ನು ಎಳೆಯಬಾರದು ಅಲ್ವಾ? ಒಂದು ಮ್ಯಾಚ್ ಅಂದರೆ ಹಳ್ಳ ದಾಟುವ ಒಂದು ಸಂಕ. ಅದರ ಮೇಲೆ ಇಡೀ ಜಿಲ್ಲೆಯ ಭಾರ ಹಾಕಬಾರದು. ಮೇಲಿನವರೂ ಕೆಳಗಿನವರೂ ಕಡಿಮೆ ಅಂದರೆ ಐದು ಸಲ ಎದುರಾಗುವ ತನಕ ಒಂದೇ ಪಟ್ಟಿ ಕೊಡುವುದಿಲ್ಲ ಅಂತ ನಿಯಮ ಮಾಡಿಕೊಂಡೆ. ಐದೇ ಯಾಕೆ ಅಂದರೆ ಅದಕ್ಕೆ ಗಣಿತದ ಕಾರಣ ಇಲ್ಲ. ಒಂದು ವರ್ಷದಲ್ಲಿ ಮಾಡಿಸಲು ಆಗುವಷ್ಟು ಅದು.

ಹೌದು, ಈಗ ನಾನು ಅದನ್ನೂ ಮಾಡಿಸುತ್ತೇನೆ. ಯಾವ ಎರಡು ತಂಡ ಆಡಿದರೆ ಹೆಚ್ಚು ತಿಳಿಯುತ್ತದೆ ಅಂತ ಶೀಟ್ ನೋಡಿ ಪಿ.ಡಿ.ಗಳಿಗೆ ಹೇಳುತ್ತೇನೆ. ಭಾನುವಾರ ಆಗುತ್ತಾ, ಗಾಡಿ ಬಾಡಿಗೆ ಹಂಚಿಕೊಳ್ಳಬಹುದಾ, ಊಟ ಯಾರ ಕಡೆ ಅಂತ ನಾಲ್ಕು ಫೋನ್. ಮಳೆಗಾಲದಲ್ಲಿ ಘಟ್ಟದ ಮಾತೇ ಇಲ್ಲ. ಮಳೆ ಬಿಟ್ಟ ಮೇಲೆ ಪರೀಕ್ಷೆಗೆ ಮೊದಲು ಸಿಗುವ ವಾರಗಳು ಬೆರಳೆಣಿಕೆ. ಈ ಸೀಸನ್‌ನಲ್ಲಿ ನಾಲ್ಕು ಆಗಿದ್ದವು.

ಐದನೆಯದು ಹೋದ ಭಾನುವಾರ. ಅಕ್ಕನ ಮಗಳ ತಂಡವೇ ಅಂಕೋಲೆಯಿಂದ ಟೆಂಪೋದಲ್ಲಿ ದೇವಿಮನೆ ಹತ್ತಿ ಶಿರಸಿಗೆ ಬಂತು. ತಿರುವಿನಲ್ಲಿ ಇಬ್ಬರಿಗೆ ವಾಂತಿ ಆಗಿತ್ತು. ನಾನು ಮನೆಯಲ್ಲಿ ಎರಡು ಪಾತ್ರೆ ಅವಲಕ್ಕಿ ಕಲಸಿ, ಒಂದು ಕೊಡ ಮಜ್ಜಿಗೆ ಮಾಡಿ ಮೈದಾನಕ್ಕೆ ಒಯ್ದಿದ್ದೆ. ಎದುರು ಮೇಲಿನ ಪಟ್ಟಿಯ ಮೊದಲನೆಯ ತಂಡ. ಅಕ್ಕನ ಮಗಳೂ ಕಾರ್ನರ್, ನನ್ನ ಹಾಗೆ ಎಡಗಡೆ. ಮೂರು ಸಲ ಕಾಲು ಹಿಡಿದಳು, ಮೂರು ಸಲವೂ ಬಿಡಲಿಲ್ಲ. ಆದರೂ 29–33ರಲ್ಲಿ ಸೋತರು.

ಟೆಂಪೋ ಹೊರಡುವ ಮೊದಲು ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತು ಸಾಲು ಹಾಕಿದೆ. ಹುಡುಗಿಯರೆಲ್ಲ ಹಿಂದೆ ನಿಂತು ಬಗ್ಗಿ ನೋಡುತ್ತಿದ್ದರು. ಎರಡು ಹಾಳೆ ಸೇರಿ ಒಂದಾಯಿತು, ಈ ವರ್ಷದ ಮೊದಲ ಪೂರ್ತಿ ಪಟ್ಟಿ. ಅವರ ರೇಟಿಂಗ್ 0.61 ಇದ್ದದ್ದು 0.55ಕ್ಕೆ ಬಂತು. 14ರಲ್ಲಿ ನಾಲ್ಕನೇ ಜಾಗ.

ಅಕ್ಕನ ಮಗಳು ಸ್ವಲ್ಪ ಹೊತ್ತು ಆ ಅಂಕಿ ನೋಡಿದಳು. ಮೊಣಕಾಲಿನ ಮಣ್ಣು ಇನ್ನೂ ಒಣಗಿರಲಿಲ್ಲ.

"ಚಿಕ್ಕಿ, ಮೂರನೆಯವರು ಎಲ್ಲಿಯವರು?"

"ಯಲ್ಲಾಪುರದ ಕಡೆಯವರು."

"ಅವರ ಸಂಗಡ ಒಂದು ಮ್ಯಾಚ್ ಮಾಡಿಸು. ಅರಬೈಲ್ ಘಟ್ಟ ಆದ್ರೂ ಅಡ್ಡಿಲ್ಲ, ಬರ್ತೇವೆ" ಅಂದಳು.

ಪರೀಕ್ಷೆಗೆ ಇನ್ನು ಎರಡು ಭಾನುವಾರ ಇವೆ. ನಾಳೆ ಬೆಳಿಗ್ಗೆ ಅಲ್ಲಿಯ ಮೇಡಂಗೆ ಫೋನ್ ಮಾಡುತ್ತೇನೆ.